ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ಲಿನ ಜಾಗ

ಬೆಂಗಳೂರಿನಲ್ಲಿ ಸೈಕಲ್ ಸವಾರರಿಗೂ ಮೋಟಾರು ಚಾಲಕರಿಗೂ ನಡೆಯುವ ಜಟಾಪಟಿ ತೀರ ಹಳೆಯದಲ್ಲ. ಕಳೆದ ಶತಮಾನದ ನಡುವಿನ ದಶಕಗಳಲ್ಲಿ ರಸ್ತೆ ಹೆಚ್ಚುಕಡಿಮೆ ಸೈಕಲ್ಲಿನದೇ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953-54ರಲ್ಲಿ ಎಚ್‌ಎಂಟಿ ಮತ್ತು ಬಿಇಎಲ್ ಕಾರ್ಖಾನೆಗಳು ಹುಟ್ಟಿಕೊಂಡವು. ಪಾಳಿ ಬಿಟ್ಟ ಹೊತ್ತಿಗೆ ಕಾರ್ಖಾನೆಯ ಗೇಟಿನಿಂದ ಸೈಕಲ್ಲುಗಳು ಹಿಂಡುಹಿಂಡಾಗಿ ಹೊರಬೀಳುತ್ತಿದ್ದವು. ಅಪರೂಪಕ್ಕೆ ಬಂದ ಕಾರೇ ಅವುಗಳ ಹಿಂದೆ ಕಾಯಬೇಕಿತ್ತು.

ಆಗ ಕಾನೂನಿನ ಕಣ್ಣೂ ಸೈಕಲ್ಲಿನ ಮೇಲಿತ್ತು. ರಾಜ್ಯದ ಊರುಗಳಲ್ಲಿ ಪುರಸಭೆಗೆ ತೆರಿಗೆ ಕಟ್ಟಿ, ಲೋಹದ ಬಿಲ್ಲೆಯೊಂದನ್ನು ಸೈಕಲ್ಲಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪ ಕಡ್ಡಾಯ. ಡೈನಮೊ ಇಲ್ಲದವರು ಸೀಮೆಎಣ್ಣೆಯ ಪುಟ್ಟ ಲ್ಯಾಂಪನ್ನು ಹ್ಯಾಂಡಲಿನ ಮುಂದೆ ತೂಗುಹಾಕುತ್ತಿದ್ದರು. ದೀಪವಿಲ್ಲದೆಯೋ ಡಬಲ್ ರೈಡ್‌ನಲ್ಲೋ ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದುದುಂಟು. ಮನೆಯವರೆಗೆ ಸೈಕಲ್ ತಳ್ಳಿಕೊಂಡು ಹೋಗುವುದು ದಂಡಕ್ಕಿಂತ ದೊಡ್ಡ ಶಿಕ್ಷೆ. ಈ ಕಟ್ಟುಪಾಡು ಕಿರಿಕಿರಿಯದಾದರೂ, ಸೈಕಲ್ಲೂ ಲೆಕ್ಕಕ್ಕಿರುವ ವಾಹನವೆಂಬ ಮಾನ್ಯತೆ ಅದರಲ್ಲಿತ್ತು.

1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಮೊಪೆಡ್‌ಗಳು, ಎಂಬತ್ತರ ದಶಕದ ನಡುವೆ 100 ಸಿಸಿ ಬೈಕುಗಳು ಬಂದವು. ಕಂತಿನ ಹಣ ಹೊಂದಿಸಬಲ್ಲ ನೌಕರ ಸೈಕಲ್ ಇಳಿದ. ಪೇಪರ್ ಹಾಕುವ ಹುಡುಗರು, ಸೊಪ್ಪು ಮಾರುವವರು, ಕಾವಲುಗಾರರು, ಗಾರೆ ಕೆಲಸದವರು ಉಳಿದುಕೊಂಡರು. ಚಾಲಕನ ಅಸಹನೆಗೆ ಬೇರು ಇಲ್ಲಿದೆ: ನಿನ್ನೆ ತಾನೂ ತುಳಿದ ಸೈಕಲ್ಲು ಇಂದು ಅವನಿಗೆ ಅಡ್ಡಿಯಾಗಿ, ಬಡವನ ಗುರುತಾಗಿ ಕಾಣತೊಡಗಿತು.

ರಸ್ತೆಯೂ ಅದಕ್ಕೆ ತಕ್ಕಂತೆ ಬದಲಾಯಿತು. ಏಕಮುಖ ಸಂಚಾರ ಕಾರಿಗೆ ವೇಗ ಕೊಟ್ಟಿತು. ಕಾಲ್ಬಲದಿಂದ ಸಾಗುವವನಿಗೆ ಸುತ್ತುದಾರಿ ಹೆಚ್ಚಿಸಿತು. ಮೇಲ್ಸೇತುವೆಗಳ ಏರು ಸೈಕಲ್ಲಿಗೆ ಹೇಳಿಮಾಡಿಸಿದ್ದಲ್ಲ. ಸವಾರನಿಗೆ ಉಳಿದದ್ದು ಡಾಂಬರು ಮುಗಿದು ಚರಂಡಿಯ ಚಪ್ಪಡಿ ಶುರುವಾಗುವ ಅಂಚು. ಅಲ್ಲಿ ಮಣ್ಣು, ಜಲ್ಲಿ, ಮಳೆನೀರು. ಎಡಕ್ಕೆ ನಿಂತ ಕಾರಿನ ಬಾಗಿಲು ಯಾವಾಗ ತೆರೆದೀತೋ ತಿಳಿಯದು. ಹಿಂದಿನಿಂದ ಹಾರ್ನ್ ಹೊಡೆಯುವ ಬಸ್ಸು ಅವನನ್ನು ದಾಟಿದ ಮರುಕ್ಷಣವೇ ನಿಲ್ದಾಣಕ್ಕೆಂದು ಎಡಕ್ಕೆ ಹೊರಳುತ್ತದೆ. ಗುಂಡಿ ತಪ್ಪಿಸಲು ಅವನು ಒಂದಡಿ ಬಲಕ್ಕೆ ಸರಿದರೆ ಬೈಗುಳ ಅವನಿಗೇ.

2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಪಥಗಳು ಬಂದವು. ಹಲವೆಡೆ ಬೇಗನೆ ವಾಹನ ನಿಲುಗಡೆಯ ತಾಣಗಳಾದವು. ಕೋವಿಡ್ ಕಾಲದ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಪ್ರತ್ಯೇಕ ಪಥ ಮಾಡಲಾಯಿತು. ಅಲ್ಲಿಗೂ ಬೈಕುಗಳು ನುಗ್ಗಿದವು. ಒಳನುಗ್ಗುವವರನ್ನು, ನಿಲ್ಲಿಸಿ ಹೋಗುವವರನ್ನು ದಿನನಿತ್ಯ ತಡೆಯುವ ವ್ಯವಸ್ಥೆಯಿಲ್ಲದ ಈ ಎರಡೂ ಯತ್ನಗಳು ಸೈಕಲ್ ಸವಾರನನ್ನು ಮತ್ತದೇ ಚರಂಡಿಯಂಚಿಗೆ ತಂದು ಬಿಟ್ಟವು.