ಮಾನಸಿಕ ಕಾಯಿಲೆಯ ಕಳಂಕ

ಮಾನಸಿಕ ಕಾಯಿಲೆಯ ಕಳಂಕ ಎಂದರೆ ಮನಸ್ಸಿನ ಕಾಯಿಲೆ ಇರುವ ವ್ಯಕ್ತಿಯನ್ನು ಆ ಕಾರಣದಿಂದಲೇ ಕೀಳಾಗಿ ಕಾಣುವ, ದೂರವಿಡುವ ಅಥವಾ ಅವಕಾಶಗಳಿಂದ ವಂಚಿಸುವ ಸಾಮಾಜಿಕ ಪ್ರವೃತ್ತಿ. ಖಿನ್ನತೆ, ಆತಂಕದ ಕಾಯಿಲೆ, ಸ್ಕಿಜೋಫ್ರೇನಿಯಾ, ದ್ವಿಧ್ರುವ ಕಾಯಿಲೆ, ಮದ್ಯವ್ಯಸನ ಮೊದಲಾದವುಗಳಿಗೆ ಚಿಕಿತ್ಸೆ ಇದೆ. ಆದರೂ ಜನರ ಬಾಯಿಗೆ ಅಂಜಿ ಅನೇಕರು ವೈದ್ಯರ ಬಳಿಗೆ ಹೋಗುವುದಿಲ್ಲ, ಇಲ್ಲವೇ ಕಾಯಿಲೆ ಬಲಿತ ಮೇಲೆ ಹೋಗುತ್ತಾರೆ. 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಚಿಕಿತ್ಸೆ ಅಗತ್ಯವಿದ್ದೂ ಪಡೆಯದವರ ಪ್ರಮಾಣ ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರವರೆಗೆ ಇತ್ತು. ವೈದ್ಯರ ಕೊರತೆ, ಪ್ರಯಾಣದ ದೂರ, ಖರ್ಚು ಇವುಗಳ ಜೊತೆಗೆ ಕಳಂಕವೂ ಈ ಅಂತರಕ್ಕೆ ಒಂದು ಮುಖ್ಯ ಕಾರಣ.

ಪರಿಕಲ್ಪನೆ

'ಸ್ಟಿಗ್ಮಾ' ಎಂಬ ಗ್ರೀಕ್ ಪದಕ್ಕೆ ಮೈಮೇಲೆ ಒತ್ತಿದ ಗುರುತು ಎಂಬ ಅರ್ಥವಿತ್ತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ಪದ ಸಮಾಜವಿಜ್ಞಾನದಲ್ಲಿ ನೆಲೆಗೊಂಡಿತು. ಸಮಾಜ ತೋರುವ ತಾತ್ಸಾರವನ್ನು ರೋಗಿಯೇ ನಂಬಿ ತನ್ನನ್ನು ಅಯೋಗ್ಯನೆಂದು ತಿಳಿಯುವುದನ್ನು ಸ್ವಕಳಂಕ ಎನ್ನುತ್ತಾರೆ. ರೋಗಿಯ ತಾಯಿ, ಒಡಹುಟ್ಟಿದವರು, ಕೆಲವೊಮ್ಮೆ ಚಿಕಿತ್ಸೆ ನೀಡುವ ವೈದ್ಯರು ಕೂಡ ಇದರ ಪಾಲು ಅನುಭವಿಸುತ್ತಾರೆ.

ಕನ್ನಡ ನುಡಿಯಲ್ಲಿ

ಕನ್ನಡದಲ್ಲಿ 'ಹುಚ್ಚು' ಎಂಬ ಪದ ಕೇವಲ ನಿಂದೆಯದಲ್ಲ. ಓದಿನ ಹುಚ್ಚು, ನಾಟಕದ ಹುಚ್ಚು ಎಂಬ ಮಾತುಗಳಲ್ಲಿ ಮೆಚ್ಚುಗೆಯೇ ಇದೆ. ಹುಚ್ಚಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಹೆಸರಿಡುವ ರೂಢಿಯೂ ಇತ್ತು. ಶಿಕಾರಿಪುರದ ಆಂಜನೇಯನ ಹೆಸರೇ ಹುಚ್ಚರಾಯಸ್ವಾಮಿ. ಆದರೆ ಇದೇ ಪದ ಕಾಯಿಲೆ ಇರುವ ವ್ಯಕ್ತಿಗೆ ಅಂಟಿದಾಗ ಅವರ ಮಾತಿಗೆ ಬೆಲೆಯೇ ಇಲ್ಲವಾಗುತ್ತದೆ. 'ಹುಚ್ಚಾಸ್ಪತ್ರೆ' ಎಂಬ ಪದ ವೈದ್ಯಕೀಯ ಬಳಕೆಯಿಂದ ಮರೆಯಾಗಿದ್ದರೂ ಬೈಗುಳವಾಗಿ ಉಳಿದಿದೆ. ಬೆಂಗಳೂರಿನ ಆಡುಮಾತಿನಲ್ಲಿ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂಬ ಗೇಲಿಯೂ ಇದೇ ಜಾತಿಯದು. ಅಲ್ಲಿನ ಹೊರರೋಗಿ ವಿಭಾಗಕ್ಕೆ ಮೂರ್ಛೆರೋಗ, ಪಾರ್ಶ್ವವಾಯುಗಳಂಥ ನರರೋಗಗಳಿಗಾಗಿಯೂ ಜನ ಬರುತ್ತಾರೆ ಎಂಬುದು ಈ ಗೇಲಿಯಲ್ಲಿ ಮರೆತುಹೋಗುತ್ತದೆ.

ದೇಹದ ನೋವಾಗಿ ಹೇಳಿಕೊಳ್ಳುವುದು

ಕಳಂಕವು ರೋಗಿಯ ಮಾತನ್ನೇ ಬದಲಿಸುತ್ತದೆ. ಆರ್. ರಘುರಾಮ್ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳನ್ನು ಕುರಿತು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ಕಳಂಕದ ಭಾವನೆ ಹೆಚ್ಚಿತ್ತು. ದೈಹಿಕ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ದುಃಖ, ನಿರಾಸೆಗಳನ್ನು ಹೇಳಿಕೊಂಡರೆ ಸಮಾಜದಲ್ಲಿ ತಮ್ಮ ಸ್ಥಾನ ಕುಗ್ಗುತ್ತದೆ ಎಂದು ರೋಗಿಗಳು ಭಾವಿಸಿದ್ದರು. ಮೈಕೈ ನೋವು ಯಾರಿಗಾದರೂ ಬರಬಹುದಾದದ್ದು. ತಲೆನೋವು, ಸುಸ್ತು, ನಿದ್ರೆಯಿಲ್ಲದಿರುವುದು, ಎದೆ ಬಡಿತ ಎಂದು ಹೇಳಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆಯುವವರ ಮೂಲ ಕಾಯಿಲೆ ಖಿನ್ನತೆಯಾಗಿರಬಹುದೆಂಬ ಅರಿವು ಸಾಮಾನ್ಯ ವೈದ್ಯರಿಗೂ ಅಗತ್ಯವೆನಿಸಿದ್ದು ಹೀಗೆ. 'ನರಗಳ ದೌರ್ಬಲ್ಯ' ಎಂಬ ಜನಪ್ರಿಯ ಮಾತಿನ ಹಿಂದೆಯೂ ಬಹುಮಟ್ಟಿಗೆ ಇದೇ ಸಂಕೋಚವಿದೆ.

ಮದುವೆ ಮತ್ತು ಕುಟುಂಬ

ಭಾರತದಲ್ಲಿ ಕಳಂಕದ ಭಾರ ಹೆಚ್ಚಾಗಿ ಕಾಣುವುದು ಮದುವೆಯ ಸಂದರ್ಭದಲ್ಲಿ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಇದೆಯೆಂದು ತಿಳಿದರೆ ಉಳಿದವರ ಸಂಬಂಧಗಳೂ ಮುರಿಯುತ್ತವೆ ಎಂಬ ಭಯದಿಂದ ವಿಷಯವನ್ನು ಮುಚ್ಚಿಡಲಾಗುತ್ತದೆ. 'ಮದುವೆಯಾದರೆ ಸರಿಹೋಗುತ್ತದೆ' ಎಂಬ ನಂಬಿಕೆ ಇನ್ನೊಂದು ತೊಡಕು. ಮದುವೆಯ ಬಳಿಕ ಗಂಡನ ಮನೆಯವರಿಗೆ ತಿಳಿಯದಿರಲೆಂದು ಮಾತ್ರೆಗಳನ್ನು ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಆಗ ಕಾಯಿಲೆಗಿಂತ ಮುಚ್ಚಿಟ್ಟದ್ದೇ ದೊಡ್ಡ ಅಪರಾಧವಾಗಿ ಹೆಣ್ಣು ತವರಿಗೆ ಮರಳಬೇಕಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ತೀವ್ರ ಸ್ವರೂಪದ ಮಾನಸಿಕ ಕಾಯಿಲೆ ಇಂದಿಗೂ ವಿಚ್ಛೇದನಕ್ಕೆ ಒಂದು ಆಧಾರವಾಗಿದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಪಾಶ್ಚಾತ್ಯ ದೇಶಗಳಲ್ಲಿ ರೋಗಿಗಳನ್ನು ಮನೆಯಿಂದ ಬೇರ್ಪಡಿಸಿ ದೊಡ್ಡ ಆಸ್ಪತ್ರೆಗಳಲ್ಲಿ ಇಡುವ ಪದ್ಧತಿ ಇದ್ದಾಗ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡು ಶುಶ್ರೂಷೆಯಲ್ಲಿ ತೊಡಗಿಸಿದರು. ಹೀಗೆ ಜೊತೆಗಿದ್ದವರು ಊರಿಗೆ ಮರಳುವಾಗ ಚೇತರಿಕೆಯನ್ನು ಕಣ್ಣಾರೆ ಕಂಡಿರುತ್ತಿದ್ದರು. ಮನೆಯವರನ್ನು ಜೊತೆಗಿರಿಸಿಕೊಳ್ಳುವ ಕ್ರಮ ಮುಂದೆ ವೆಲ್ಲೂರು ಮತ್ತು ಬೆಂಗಳೂರುಗಳಲ್ಲಿಯೂ ಬೆಳೆಯಿತು.

ಏರ್ವಾಡಿ ದುರಂತ

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ಅಲ್ಲಿನ ಪ್ರಸಿದ್ಧ ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದಿತು. ರೋಗಿಗಳನ್ನು ಸರಪಳಿಯಿಂದ ಬಿಗಿದಿದ್ದ ಕಾರಣ ಅವರು ಓಡಲಾಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಈ ದುರಂತವನ್ನು ನಂಬಿಕೆ ಮತ್ತು ವಿಜ್ಞಾನಗಳ ಜಗಳವೆಂದು ಮಾತ್ರ ಓದುವುದು ಪೂರ್ಣ ಸರಿಯಲ್ಲ. ರಘುರಾಮ್ ಮತ್ತು ಸಂಗಡಿಗರೇ ತಮಿಳುನಾಡಿನ ಮುತ್ತುಸ್ವಾಮಿ ದೇವಾಲಯವೊಂದರಲ್ಲಿ ತಂಗಿದ್ದ 31 ಮಂದಿಯನ್ನು ಗಮನಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿ ಔಷಧ ಇರಲಿಲ್ಲ. ಜೊತೆಗೆ ಮನೆಯವರಿದ್ದರು, ದೇವಾಲಯದ ಸಣ್ಣಪುಟ್ಟ ಕೆಲಸಗಳಿದ್ದವು. ರೋಗಲಕ್ಷಣಗಳ ಅಳತೆ ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿತ್ತು. ಚಿಕ್ಕ ಅಧ್ಯಯನವಾದ ಕಾರಣ ಇದರಿಂದ ಔಷಧ ಬೇಡವೆಂದು ತೀರ್ಮಾನಿಸುವಂತಿಲ್ಲ.

ಕಾನೂನು

1912ರ ಭಾರತೀಯ ಹುಚ್ಚುತನ ಕಾಯ್ದೆಯ ಗಮನವಿದ್ದದ್ದು ಸಮಾಜವನ್ನು ರೋಗಿಯಿಂದ ಕಾಪಾಡುವುದರಲ್ಲಿ. ಅದರ ಬದಲಿಗೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದಿತು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಈ ದೃಷ್ಟಿಯನ್ನು ತಿರುಗಿಸಿ ಚಿಕಿತ್ಸೆಯನ್ನು ಹಕ್ಕಾಗಿ ಗುರುತಿಸಿತು. ಯಾವುದೇ ರೂಪದಲ್ಲಿ ಸರಪಳಿ ಹಾಕುವುದನ್ನು ಅದು ನಿಷೇಧಿಸುತ್ತದೆ. ಅರಿವಳಿಕೆ ಇಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವಂತಿಲ್ಲ. ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕು. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂಬ ನಿಯಮವಿದೆ. ಕಳಂಕವನ್ನು ತಗ್ಗಿಸುವ ಕಾರ್ಯಕ್ರಮಗಳನ್ನು ಯೋಜಿಸುವುದು ಸರ್ಕಾರದ ಕರ್ತವ್ಯವೆಂದು ಕಾಯ್ದೆಯಲ್ಲೇ ಹೇಳಿರುವುದು ಗಮನಾರ್ಹ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಆರೈಕೆ ನೀಡಬೇಕೆಂದು 115ನೇ ಕಲಂ ವಿಧಿಸುತ್ತದೆ. ಅಂಥ ಯತ್ನವನ್ನು ಅಪರಾಧವೆಂದಿದ್ದ ಭಾರತೀಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈನಲ್ಲಿ ಹೊಸ ನ್ಯಾಯ ಸಂಹಿತೆ ಜಾರಿಯಾದಾಗ ಹಿಂದೆ ಸರಿಯಿತು.

ಕರ್ನಾಟಕದಲ್ಲಿನ ಪ್ರಯತ್ನಗಳು

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ದೇಶಕ್ಕೇ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಕೆಲವೇ ಅಗತ್ಯ ಔಷಧಗಳನ್ನು ಅಲ್ಲೇ ಒದಗಿಸಲಾಯಿತು. ಜ್ವರಕ್ಕೆ ಹೋಗುವ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೂ ಮಾತ್ರೆ ದೊರೆತರೆ ಸಾಲಿನಲ್ಲಿ ನಿಂತವರ ಮೇಲೆ ಯಾವ ಗುರುತೂ ಬೀಳುವುದಿಲ್ಲ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುತ್ತಾರೆ.

ಬರಹದ ಮೂಲಕವೂ ಕೆಲಸ ನಡೆದಿದೆ. 'ಕೊರವಂಜಿ' ಹಾಸ್ಯಪತ್ರಿಕೆಯ ಸಂಪಾದಕ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ 'ಮನಮಂಥನ' ಮನೋವೈದ್ಯಕೀಯವನ್ನು ಕುರಿತ ಕೃತಿ. ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳನ್ನು ಕುರಿತು ಸರಳ ಕನ್ನಡದಲ್ಲಿ ಬಹಳ ಸಂಖ್ಯೆಯ ಪುಸ್ತಕಗಳನ್ನು ಬರೆದರು. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ಭಾರತದ ಮೊದಲ ಮಹಿಳಾ ಮನೋವೈದ್ಯೆ. ಚೆನ್ನೈಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಪುನರ್ವಸತಿಗಾಗಿ 1984ರಲ್ಲಿ ಆರಂಭವಾದ ಸ್ಕಾರ್ಫ್ ಸಂಸ್ಥೆಯ ಸ್ಥಾಪಕರು. ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮಗಿದ್ದ ಖಿನ್ನತೆಯನ್ನು 2015ರಲ್ಲಿ ಬಹಿರಂಗವಾಗಿ ಹೇಳಿಕೊಂಡದ್ದು ವ್ಯಾಪಕ ಚರ್ಚೆಗೆ ಕಾರಣವಾಯಿತು.

ನಿವಾರಣೆಯ ಮಾರ್ಗಗಳು

ಮಾಹಿತಿ ನೀಡಿದ ಮಾತ್ರಕ್ಕೆ ಕಳಂಕ ಅಳಿಯುವುದಿಲ್ಲವೆಂಬುದು ಸಂಶೋಧನೆಗಳಿಂದ ತಿಳಿದುಬಂದಿದೆ. 'ಇದು ಮಿದುಳಿನ ರಾಸಾಯನಿಕಗಳ ದೋಷ' ಎಂಬ ವಿವರಣೆ ರೋಗಿಯನ್ನು ದೂಷಿಸುವುದನ್ನು ಕಡಿಮೆ ಮಾಡುತ್ತದೆ, ಆದರೆ ಕಾಯಿಲೆ ಎಂದೂ ವಾಸಿಯಾಗದೆಂಬ ಭಾವನೆಯನ್ನು ಬಲಪಡಿಸಲೂಬಹುದು. ಚೇತರಿಸಿಕೊಂಡವರೊಡನೆ ನೇರವಾಗಿ ಬೆರೆಯುವುದು, ಅವರ ಮಾತನ್ನು ಅವರಿಂದಲೇ ಕೇಳುವುದು ಹೆಚ್ಚು ಪರಿಣಾಮಕಾರಿ. ಬೀಗ ದುರಸ್ತಿ ಮಾಡುವವರೋ ಶಾಲೆಯ ಶಿಕ್ಷಕರೋ ಆಗಿರುವ ನೆರೆಯವರು ತಮಗಿದ್ದ ಕಾಯಿಲೆಯ ಬಗ್ಗೆ ಮಾತನಾಡಿದಾಗ ಆಗುವ ಬದಲಾವಣೆ ಭಿತ್ತಿಪತ್ರದಿಂದ ಆಗದು.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ-ಮಾನಸ್ ಸಹಾಯವಾಣಿಯನ್ನು ಆರಂಭಿಸಿತು. 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಮನೆಯಿಂದಲೇ ಮಾತನಾಡಬಹುದಾದ ಕಾರಣ ಆಸ್ಪತ್ರೆಯ ಬಾಗಿಲಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಂಜಿಕೆ ಇಲ್ಲಿಲ್ಲ.