ಅವಿತ್ಸೋತ್ಲ್: ಸಾಮ್ರಾಜ್ಯವನ್ನು ಗೆದ್ದು ನೀರಿಗೆ ಸೋತ ಅಜ್ಟೆಕ್ ದೊರೆ

ಇಂದಿನ ಮೆಕ್ಸಿಕೋ ನಗರವು ನಿಂತಿರುವ ನೆಲದಲ್ಲಿ ಐದು ಶತಮಾನಗಳ ಹಿಂದೆ ವಿಶಾಲವಾದ ಸರೋವರವಿತ್ತು. ಅದರ ನಡುಗಡ್ಡೆಯ ಮೇಲೆ ಅಜ್ಟೆಕ್ ಸಾಮ್ರಾಜ್ಯದ ರಾಜಧಾನಿಯಾದ ತೆನೋಚ್ಟಿಟ್ಲಾನ್ ನೆಲೆಗೊಂಡಿತ್ತು. ಈ ನಗರವನ್ನು 1486ರಿಂದ 1502ರವರೆಗೆ ಆಳಿದವನು ಅವಿತ್ಸೋತ್ಲ್. ಸಾಮ್ರಾಜ್ಯದ ಗಡಿಯನ್ನು ಪೆಸಿಫಿಕ್ ಕರಾವಳಿಯುದ್ದಕ್ಕೂ ಹಿಗ್ಗಿಸಿದ, ಮಹಾದೇಗುಲವನ್ನು ಪುನಃ ಪ್ರತಿಷ್ಠಾಪಿಸಿದ, ನಗರಕ್ಕೆ ಹೊಸ ಕಾಲುವೆಯಿಂದ ನೀರು ತಂದ ದೊರೆ ಈತ. ಅದೇ ಕಾಲುವೆ ನಗರವನ್ನು ಮುಳುಗಿಸಿದ್ದೂ ಈತನ ಕಾಲದಲ್ಲಿಯೇ.

ಅಜ್ಟೆಕ್ ಅರಸರೆಂದೊಡನೆ ಜಗತ್ತಿಗೆ ನೆನಪಾಗುವುದು ಎರಡನೆಯ ಮೊಕ್ತೆಸುಮಾನ ಹೆಸರು. 1519ರಲ್ಲಿ ಸ್ಪೇನಿನ ದಂಡನಾಯಕ ಹೆರ್ನಾನ್ ಕೊರ್ಟೆಸ್‌ನನ್ನು ಎದುರುಗೊಂಡವನು ಆತ. ಆದರೆ ಮೊಕ್ತೆಸುಮಾನ ಕೈಗೆ ಬಂದ ವಿಸ್ತಾರವಾದ ರಾಜ್ಯವನ್ನು, ಅದರೊಡನೆ ಅದರ ದೌರ್ಬಲ್ಯಗಳನ್ನೂ ಬಿಟ್ಟುಹೋದವನು ಆತನ ಚಿಕ್ಕಪ್ಪನಾದ ಅವಿತ್ಸೋತ್ಲ್.

ಹೆಸರು ಮತ್ತು ವಂಶ

ಅವಿತ್ಸೋತ್ಲ್ ಎಂಬುದು ನಾವಾತ್ಲ್ ಭಾಷೆಯಲ್ಲಿ ಒಂದು ಜಲಚರದ ಹೆಸರು. ನಾಯಿಯನ್ನು ಹೋಲುವ ಈ ಪ್ರಾಣಿಯ ಬಾಲದ ತುದಿಯಲ್ಲಿ ಮನುಷ್ಯನ ಕೈಯಂತಹ ಅಂಗವಿದ್ದು, ದಡಕ್ಕೆ ಬಂದವರನ್ನು ಅದು ನೀರಿನಾಳಕ್ಕೆ ಸೆಳೆದೊಯ್ಯುತ್ತದೆಂದು ಜನರು ನಂಬಿದ್ದರು. ಫ್ರಾನ್ಸಿಸ್ಕನ್ ಪಾದ್ರಿ ಬರ್ನಾರ್ಡಿನೋ ದೆ ಸಹಗುನ್ ಹದಿನಾರನೆಯ ಶತಮಾನದಲ್ಲಿ ಸಂಗ್ರಹಿಸಿದ ಫ್ಲಾರೆಂಟೈನ್ ಕೋಡೆಕ್ಸ್‌ನಲ್ಲಿ ಇದರ ವಿವರಣೆಯಿದೆ. ಚಿತ್ರಲಿಪಿಯಲ್ಲಿ ದೊರೆಯ ಹೆಸರನ್ನು ಸೂಚಿಸಲು ಇದೇ ಪ್ರಾಣಿಯನ್ನು ಬಿಡಿಸುತ್ತಿದ್ದರು.

ಅಜ್ಟೆಕರು ತಮ್ಮ ಅರಸನನ್ನು 'ತ್ಲಾತೋವಾನಿ' ಎಂದು ಕರೆಯುತ್ತಿದ್ದರು. 'ಮಾತನಾಡುವವನು' ಎಂಬುದು ಅದರ ಅರ್ಥ. ಪಟ್ಟವು ಹಿರಿಯ ಮಗನಿಗೇ ತಾನಾಗಿ ಸಲ್ಲುವ ಪದ್ಧತಿಯಿರಲಿಲ್ಲ. ರಾಜವಂಶದ ಅರ್ಹ ಪುರುಷರಲ್ಲಿ ಒಬ್ಬನನ್ನು ಪ್ರಮುಖರು ಆಯ್ಕೆ ಮಾಡುತ್ತಿದ್ದರು. ಹೀಗಾಗಿ ಅಶಾಯಾಕತ್ಲ್ (1469-1481), ತಿಸೋಕ್ (1481-1486) ಮತ್ತು ಅವಿತ್ಸೋತ್ಲ್ ಎಂಬ ಮೂವರು ಸಹೋದರರು ಒಬ್ಬರ ನಂತರ ಒಬ್ಬರು ಪಟ್ಟವೇರಿದರು. ತೆನೋಚ್ಟಿಟ್ಲಾನಿನ ಅರಸರ ಸಾಲಿನಲ್ಲಿ ಅವಿತ್ಸೋತ್ಲ್ ಎಂಟನೆಯವನು. ತಂದೆಯ ಕಡೆಯಿಂದ ನಾಲ್ಕನೆಯ ಅರಸ ಇತ್ಸ್‌ಕೋವಾತ್ಲ್‌ನಿಗೂ ತಾಯಿಯ ಕಡೆಯಿಂದ ಒಂದನೆಯ ಮೊಕ್ತೆಸುಮಾನಿಗೂ ಈತ ಮೊಮ್ಮಗ.

ಅಣ್ಣನಾದ ತಿಸೋಕ್ ಯುದ್ಧದಲ್ಲಿ ಯಶಸ್ಸು ಕಾಣಲಿಲ್ಲ. ಐದೇ ವರ್ಷಗಳಲ್ಲಿ ಆತ ಮರಣಹೊಂದಿದನು. ಆಸ್ಥಾನದವರೇ ಆತನಿಗೆ ವಿಷವಿಕ್ಕಿದರೆಂದು ಡೊಮಿನಿಕನ್ ಪಾದ್ರಿ ಡಿಯೆಗೊ ಡುರಾನ್ ಬರೆದಿದ್ದಾನೆ. ಅವಿತ್ಸೋತ್ಲ್ ಪಟ್ಟಕ್ಕೆ ತೀರಾ ಚಿಕ್ಕವನೆಂಬ ಆಕ್ಷೇಪ ಬಂದಿತ್ತೆಂದೂ ಡುರಾನ್ ತಿಳಿಸುತ್ತಾನೆ. ಆದರೆ ಕೆಲವೇ ತಿಂಗಳುಗಳಲ್ಲಿ ಆ ಆಕ್ಷೇಪಕ್ಕೆ ನೆಲೆಯಿಲ್ಲದಂತಾಯಿತು.

ಮಹಾದೇಗುಲದ ಪ್ರತಿಷ್ಠೆ

ತೆನೋಚ್ಟಿಟ್ಲಾನಿನ ನಡುಮಧ್ಯದಲ್ಲಿದ್ದ ಮಹಾದೇಗುಲದ ನೆತ್ತಿಯಲ್ಲಿ ಎರಡು ಗುಡಿಗಳಿದ್ದವು. ಒಂದು ಯುದ್ಧದೇವತೆಯಾದ ವಿತ್ಸಿಲೊಪೊಚ್ಟ್ಲಿಗೆ, ಇನ್ನೊಂದು ಮಳೆದೇವತೆಯಾದ ತ್ಲಾಲೋಕ್‌ನಿಗೆ ಮೀಸಲು. ಹಳೆಯ ಕಟ್ಟಡದ ಮೇಲೆಯೇ ಹೊಸ ಹೊದಿಕೆಯನ್ನು ಕಟ್ಟುತ್ತಾ ಪ್ರತಿ ತಲೆಮಾರೂ ದೇಗುಲವನ್ನು ದೊಡ್ಡದಾಗಿಸುತ್ತಿತ್ತು. ತಿಸೋಕ್ ಆರಂಭಿಸಿದ್ದ ಕೆಲಸವನ್ನು ಅವಿತ್ಸೋತ್ಲ್ ಮುಗಿಸಿ 1487ರಲ್ಲಿ, ಅಜ್ಟೆಕ್ ಪಂಚಾಂಗದ 'ಎಂಟು ಜೊಂಡು' ವರ್ಷದಲ್ಲಿ, ಪ್ರತಿಷ್ಠೆಯನ್ನು ನೆರವೇರಿಸಿದನು. ಮೆಕ್ಸಿಕೋದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿರುವ ಹಸಿರುಶಿಲೆಯ ಫಲಕವೊಂದರಲ್ಲಿ ಸಹೋದರರಿಬ್ಬರೂ ಎದುರುಬದುರಾಗಿ ನಿಂತು ದೇವರಿಗೆ ತಮ್ಮ ರಕ್ತವನ್ನು ಅರ್ಪಿಸುತ್ತಿರುವ ಕೆತ್ತನೆಯಿದ್ದು, ಅದರ ಕೆಳಗೆ ಇದೇ ವರ್ಷವನ್ನು ಕೊರೆಯಲಾಗಿದೆ.

ಪ್ರತಿಷ್ಠೆಯ ಸಂದರ್ಭದಲ್ಲಿ ನಡೆದ ನರಬಲಿ ಇಂದಿಗೂ ವಿವಾದದ ವಿಷಯ. ನಾಲ್ಕು ದಿನಗಳಲ್ಲಿ 80,400 ಸೆರೆಯಾಳುಗಳನ್ನು ಬಲಿ ನೀಡಲಾಯಿತೆಂದು ಡುರಾನ್ ಬರೆದಿದ್ದಾನೆ. ಟೆಲ್ಲೆರಿಯಾನೊ-ರೆಮೆನ್ಸಿಸ್ ಎಂಬ ಚಿತ್ರಗ್ರಂಥದ ಸಂಖ್ಯೆಯನ್ನು 20,000 ಎಂದು ಓದಲಾಗಿದೆ. ಮೊದಲ ಸಂಖ್ಯೆ ನಿಜವೇ ಆಗಿದ್ದಲ್ಲಿ ಹಗಲಿರುಳು ಬಿಡುವಿಲ್ಲದೆ ನಿಮಿಷಕ್ಕೆ ಹದಿನಾಲ್ಕು ಬಲಿಗಳು ನಡೆದಿರಬೇಕಾಗುತ್ತದೆ. ಆದ್ದರಿಂದ ವಿದ್ವಾಂಸರು ಈ ಲೆಕ್ಕವನ್ನು ಒಪ್ಪುವುದಿಲ್ಲ. ಶತ್ರುಗಳನ್ನು ಬೆದರಿಸಲು ಅಜ್ಟೆಕರೇ ಸಂಖ್ಯೆಯನ್ನು ಹಿಗ್ಗಿಸಿರಬಹುದು. ತಮ್ಮ ಆಕ್ರಮಣವನ್ನು ಸಮರ್ಥಿಸಿಕೊಳ್ಳಲು ಸ್ಪೇನಿನವರಿಗೂ ದೊಡ್ಡ ಸಂಖ್ಯೆಯೇ ಅನುಕೂಲಕರವಾಗಿತ್ತು.

ಆದರೆ ಬಲಿ ನಡೆದದ್ದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. 2015ರಲ್ಲಿ ಮೆಕ್ಸಿಕೋ ನಗರದ ಕ್ಯಾಥೆಡ್ರಲ್‌ನ ಹಿಂಭಾಗದಲ್ಲಿ ತಲೆಬುರುಡೆಗಳನ್ನು ಸುಣ್ಣದ ಗಾರೆಯಿಂದ ಜೋಡಿಸಿ ಕಟ್ಟಿದ ಗೋಪುರವು ಪತ್ತೆಯಾಯಿತು. 2020ರ ಡಿಸೆಂಬರ್‌ನಲ್ಲಿ ಇನ್ನೂ 119 ಬುರುಡೆಗಳು ದೊರೆತಿರುವುದಾಗಿ ಮೆಕ್ಸಿಕೋದ ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆ ಪ್ರಕಟಿಸಿತು. ಅಲ್ಲಿಗೆ ಒಟ್ಟು ಸಂಖ್ಯೆ 603ಕ್ಕೇರಿತು. ಈ ಭಾಗದ ನಿರ್ಮಾಣವನ್ನು 1486-1502ರ ಅವಧಿಗೆ, ಅಂದರೆ ಅವಿತ್ಸೋತ್ಲ್‌ನ ಆಳ್ವಿಕೆಗೆ, ಸೇರಿಸಲಾಗಿದೆ. ಬುರುಡೆಗಳಲ್ಲಿ ಮಹಿಳೆಯರ ಹಾಗೂ ಮಕ್ಕಳವೂ ಇದ್ದವು. ರಣರಂಗದಲ್ಲಿ ಸೆರೆಸಿಕ್ಕ ಯೋಧರು ಮಾತ್ರವೇ ಇಲ್ಲಿ ಬಲಿಯಾಗುತ್ತಿದ್ದರೆಂಬ ಭಾವನೆಯನ್ನು ಈ ಶೋಧನೆ ಬದಲಿಸಿತು.

ದಿಗ್ವಿಜಯ ಮತ್ತು ವಾಣಿಜ್ಯ

ತೆನೋಚ್ಟಿಟ್ಲಾನ್, ಟೆಸ್ಕೋಕೋ ಮತ್ತು ತ್ಲಾಕೋಪಾನ್ ನಗರಗಳ ಮೈತ್ರಿಕೂಟದ ಮೇಲೆ ಅಜ್ಟೆಕ್ ಸಾಮ್ರಾಜ್ಯವು ನಿಂತಿತ್ತು. ಅವಿತ್ಸೋತ್ಲ್‌ನ ಕಾಲದಲ್ಲಿ ಈ ಕೂಟದ ಸೇನೆಯು ಓಹಾಕಾ, ತೆವಾಂತೆಪೆಕ್ ಪ್ರದೇಶಗಳನ್ನು ದಾಟಿ ಇಂದಿನ ಗ್ವಾಟೆಮಾಲಾ ಗಡಿಗೆ ಸಮೀಪವಿರುವ ಸೊಕೊನುಸ್ಕೊವರೆಗೂ ಸಾಗಿತು. ರಾಜಧಾನಿಯಿಂದ ಅಲ್ಲಿಗೆ 800 ಕಿ.ಮೀ.ಗೂ ಹೆಚ್ಚಿನ ಕಾಲುದಾರಿ. ಭಾರ ಹೊರುವ ಪ್ರಾಣಿಗಳಾಗಲೀ ಚಕ್ರದ ಬಂಡಿಗಳಾಗಲೀ ಇಲ್ಲದ ನಾಡಿನಲ್ಲಿ ಸೇನೆಯ ಆಹಾರವನ್ನೆಲ್ಲ ಆಳುಗಳೇ ಬೆನ್ನ ಮೇಲೆ ಹೊತ್ತೊಯ್ಯಬೇಕಾಗಿತ್ತು.

ಇಷ್ಟು ದೂರದ ಸೊಕೊನುಸ್ಕೊ ಬೇಕಾದದ್ದೇತಕ್ಕೆ ಎಂಬ ಪ್ರಶ್ನೆಗೆ ಉತ್ತರ ಕೋಕೋ ಬೀಜ. ಚಾಕೊಲೇಟ್ ಪಾನೀಯದ ಮೂಲವಾದ ಈ ಬೀಜವು ಮಾರುಕಟ್ಟೆಯಲ್ಲಿ ಚಿಲ್ಲರೆ ನಾಣ್ಯದಂತೆಯೂ ಚಲಾವಣೆಯಲ್ಲಿತ್ತು. ಸೊಕೊನುಸ್ಕೊದಿಂದ ಕೋಕೋ, ಜಾಗ್ವಾರ್ ಚರ್ಮ ಮತ್ತು ಬಣ್ಣದ ಗರಿಗಳು ಕಪ್ಪಕಾಣಿಕೆಯಾಗಿ ಬರುತ್ತಿದ್ದುದನ್ನು ಮೆಂಡೋಸಾ ಕೋಡೆಕ್ಸ್ ದಾಖಲಿಸಿದೆ.

ಈ ದಾರಿಯನ್ನು ತೆರೆದವರಲ್ಲಿ 'ಪೊಚ್ಟೆಕಾ' ಎಂಬ ದೂರಸಂಚಾರಿ ವರ್ತಕರು ಪ್ರಮುಖರು. ದಕ್ಷಿಣದಲ್ಲಿ ಶತ್ರುಗಳ ಮುತ್ತಿಗೆಗೆ ಸಿಲುಕಿದ ವರ್ತಕರು ನಾಲ್ಕು ವರ್ಷ ತಾವೇ ಆಯುಧ ಹಿಡಿದು ಹೋರಾಡಿ ಗೆದ್ದರೆಂದು ಸಹಗುನ್‌ಗೆ ಮಾಹಿತಿ ನೀಡಿದವರು ಹೇಳಿದ್ದಾರೆ. ಅವಿತ್ಸೋತ್ಲ್ ಕಳುಹಿಸಿದ ನೆರವು ತಲುಪುವ ಮೊದಲೇ ಯುದ್ಧ ಮುಗಿದಿತ್ತು. ಹಿಂದಿರುಗಿದ ವರ್ತಕರನ್ನು ದೊರೆಯು ಸನ್ಮಾನಿಸಿದನು.

ದಂಗೆಯೆದ್ದವರ ಮೇಲೆ ಮಾತ್ರ ಈತನಿಗೆ ಕರುಣೆಯಿರಲಿಲ್ಲ. ಇಂದಿನ ಗೆರೆರೊ ರಾಜ್ಯದಲ್ಲಿದ್ದ ಓಸ್ತುಮಾ ಮತ್ತು ಅಲಾವಿಸ್ತ್ಲಾನ್ ಪಟ್ಟಣಗಳು ಕಪ್ಪ ಕೊಡಲು ನಿರಾಕರಿಸಿದಾಗ ಸೇನೆಯು ಅವುಗಳನ್ನು ನಾಶಗೊಳಿಸಿತು. ಬರಿದಾದ ಊರುಗಳಿಗೆ ಮೆಕ್ಸಿಕೋ ಕಣಿವೆಯಿಂದ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಲಾಯಿತು. ಪಶ್ಚಿಮದ ತರಾಸ್ಕನ್ ರಾಜ್ಯದ ವಿರುದ್ಧ ಓಸ್ತುಮಾವನ್ನು ಗಡಿಕೋಟೆಯನ್ನಾಗಿ ಮಾಡಲಾಯಿತು.

ಇಷ್ಟಾದರೂ ತರಾಸ್ಕನ್ನರು ಮಣಿಯಲಿಲ್ಲ. ರಾಜಧಾನಿಗೆ ಪೂರ್ವದಲ್ಲಿದ್ದ ತ್ಲಾಶ್ಕಾಲಾ ಸಹ ಸುತ್ತಲೂ ಅಜ್ಟೆಕ್ ಪ್ರಾಂತಗಳಿದ್ದರೂ ಸ್ವತಂತ್ರವಾಗಿಯೇ ಉಳಿಯಿತು. ಭಯದಿಂದ ಕಪ್ಪ ಕಟ್ಟುತ್ತಿದ್ದ ಊರುಗಳ ನಿಷ್ಠೆ ಭಯವಿದ್ದಷ್ಟು ಕಾಲ ಮಾತ್ರ ಉಳಿಯುವಂತಹುದಾಗಿತ್ತು. 1519ರಲ್ಲಿ ಕೊರ್ಟೆಸ್ ಬಂದಾಗ ತ್ಲಾಶ್ಕಾಲಾ ಆತನ ಪಕ್ಷ ಸೇರಿತು.

ಕಟ್ಟಡ, ಸಂಗೀತ ಮತ್ತು ಹಕ್ಕಿ

ವಸಾಹತು ಕಾಲದ ಬರೆಹಗಳು ಅವಿತ್ಸೋತ್ಲ್‌ನನ್ನು ಉದಾರಿ ಮತ್ತು ಸಂಗೀತಪ್ರಿಯನೆಂದೂ ವರ್ಣಿಸುತ್ತವೆ. ಅರಮನೆಯಲ್ಲಿ ಹಗಲಿರುಳೂ ವಾದ್ಯಗಳ ನಾದ ಕೇಳುತ್ತಿತ್ತಂತೆ. ಮಾಲಿನಾಲ್ಕೊ ಎಂಬಲ್ಲಿ ಬೆಟ್ಟದ ಬಂಡೆಯನ್ನೇ ಕೊರೆದು ನಿರ್ಮಿಸಿದ ದೇವಾಲಯದ ಕೆಲಸ 1501ರಲ್ಲಿ ಈತನ ಆಜ್ಞೆಯಂತೆ ಪ್ರಾರಂಭವಾಯಿತು.

ಉದ್ದ ಬಾಲದ, ಮಿರುಗುವ ಕಪ್ಪು ಬಣ್ಣದ ಗ್ರ್ಯಾಕಲ್ ಹಕ್ಕಿಗಳನ್ನು ಪೂರ್ವದ ಕರಾವಳಿ ಸೀಮೆಯಿಂದ ತರಿಸಿ ರಾಜಧಾನಿಯಲ್ಲಿ ಬಿಡಿಸಿದವನು ಅವಿತ್ಸೋತ್ಲ್ ಎಂದು ಸಹಗುನ್‌ನ ಗ್ರಂಥ ತಿಳಿಸುತ್ತದೆ. ಇಂದು ಮೆಕ್ಸಿಕೋ ನಗರದ ಉದ್ಯಾನಗಳಲ್ಲಿ ಈ ಹಕ್ಕಿ ಸರ್ವೇಸಾಮಾನ್ಯ.

ಮುಳುಗಿದ ನಗರ

ತೆನೋಚ್ಟಿಟ್ಲಾನಿನ ಸುತ್ತ ನೀರಿದ್ದರೂ ಸರೋವರದ ಆ ಭಾಗ ಉಪ್ಪುಮಿಶ್ರಿತವಾಗಿತ್ತು. ಕುಡಿಯುವ ನೀರು ಚಪುಲ್ಟೆಪೆಕ್ ಬೆಟ್ಟದ ಚಿಲುಮೆಗಳಿಂದ ಮೇಲುಗಾಲುವೆಯ ಮೂಲಕ ಬರುತ್ತಿತ್ತು. ಬೆಳೆಯುತ್ತಿದ್ದ ನಗರಕ್ಕೆ ಅದು ಸಾಲದೆ ಹೋದಾಗ ಅವಿತ್ಸೋತ್ಲ್‌ನ ದೃಷ್ಟಿ ದಕ್ಷಿಣದ ಕೊಯೊವಾಕಾನ್ ಬಳಿಯಿದ್ದ ಅಕುಎಕುಎಶ್ಕೊ ಚಿಲುಮೆಯ ಮೇಲೆ ಬಿದ್ದಿತು.

ಕೊಯೊವಾಕಾನಿನ ಅರಸ ತ್ಸೊತ್ಸೊಮಾ ಈ ಯೋಜನೆಗೆ ಎಚ್ಚರಿಕೆ ನೀಡಿದನು. ಚಿಲುಮೆಯ ಹರಿವು ಒಂದೇ ಸಮನಾಗಿರುವುದಿಲ್ಲ, ಕೆಲವೊಮ್ಮೆ ಅದು ಉಕ್ಕಿ ಹರಿಯುತ್ತದೆ, ನಗರಕ್ಕೆ ಅಪಾಯವಾದೀತು ಎಂಬುದು ಆತನ ಸಲಹೆ. ಕೋಪಗೊಂಡ ಅವಿತ್ಸೋತ್ಲ್ ಆತನನ್ನು ಕೊಲ್ಲಿಸಿದನು. ಸೈನಿಕರ ಕಣ್ಣಿಗೆ ತ್ಸೊತ್ಸೊಮಾ ಹದ್ದಾಗಿ, ಜಾಗ್ವಾರ್ ಆಗಿ, ಸರ್ಪವಾಗಿ, ಬೆಂಕಿಯಾಗಿ ಕಾಣಿಸಿಕೊಂಡನೆಂದೂ ಕೊನೆಗೆ ತನ್ನ ಜನರನ್ನು ಉಳಿಸಲು ತಾನೇ ಶರಣಾದನೆಂದೂ ಐತಿಹ್ಯವಿದೆ.

ಸುತ್ತಲಿನ ನಗರಗಳಿಂದ ಬಂದ ಕೂಲಿಯಾಳುಗಳು ಕಾಲುವೆಯನ್ನು ಬೇಗನೆ ಮುಗಿಸಿದರು. 1499ರ ಸುಮಾರಿಗೆ ಪುರೋಹಿತರ ವಾದ್ಯಘೋಷ ಹಾಗೂ ಬಲಿಗಳ ನಡುವೆ ನೀರು ನಗರವನ್ನು ಪ್ರವೇಶಿಸಿತು. ಆದರೆ ಹರಿವು ನಿಲ್ಲಲಿಲ್ಲ. ಸರೋವರದ ಮಟ್ಟ ಏರುತ್ತಲೇ ಹೋಗಿ ಚಿನಾಂಪಾ ಎಂಬ ತೋಟದ ಮಡಿಗಳು ಕೊಳೆತವು, ಮನೆಗಳು ಕುಸಿದವು, ಜನರು ದೋಣಿಗಳಲ್ಲಿ ಊರು ಬಿಟ್ಟರು.

ದೊರೆಯು ಟೆಸ್ಕೋಕೋದ ಅರಸ ನೆಸಾವಾಲ್‌ಪಿಲಿಯ ಮೊರೆಹೊಕ್ಕನು. ಮೊದಲೇ ತ್ಸೊತ್ಸೊಮಾನ ಮಾತು ಕೇಳಬೇಕಾಗಿತ್ತೆಂದು ಹೇಳಿದ ನೆಸಾವಾಲ್‌ಪಿಲಿ, ಕಟ್ಟೆಯನ್ನು ಒಡೆಸಿ ಜಲದೇವತೆಯನ್ನು ಶಾಂತಗೊಳಿಸಬೇಕೆಂದು ಸೂಚಿಸಿದನು. ಮುಳುಗುಗಾರರು ಚಿಲುಮೆಯ ಬಾಯಿಗಳನ್ನು ಮುಚ್ಚಿದರು. ನಂತರ ಅಧೀನ ಪ್ರಾಂತಗಳ ಜನರಿಂದ ನಗರವನ್ನು ಮತ್ತೆ ಕಟ್ಟಿಸಲಾಯಿತು. ಸ್ಪೇನಿನವರು ಎರಡು ದಶಕಗಳ ನಂತರ ಕಂಡು ಬೆರಗಾದ ತೆನೋಚ್ಟಿಟ್ಲಾನ್ ಬಹುಮಟ್ಟಿಗೆ ಹೀಗೆ ಪುನರ್ನಿರ್ಮಾಣಗೊಂಡ ನಗರ.

1502ರಲ್ಲಿ ಅವಿತ್ಸೋತ್ಲ್ ಮರಣಹೊಂದಿದನು. ಪ್ರವಾಹದಿಂದ ಓಡುವಾಗ ಬಾಗಿಲ ಮೇಲ್ತೊಲೆಗೆ ತಲೆ ಬಡಿದ ಗಾಯವೇ ಕಾರಣವೆಂದು ಒಂದು ಕಥನ ಹೇಳಿದರೆ, ದೇಹವನ್ನು ಕ್ಷೀಣಿಸಿದ ರೋಗವೆಂದು ಡುರಾನ್ ಹೇಳುತ್ತಾನೆ.

ಸಿಗದ ಸಮಾಧಿ

ದೊರೆಯ ದೇಹವನ್ನು ದಹಿಸಿ ಚಿತಾಭಸ್ಮವನ್ನು ಮಹಾದೇಗುಲದ ಬುಡದಲ್ಲಿದ್ದ ಕ್ವಾವ್‌ಶಿಕಾಲ್ಕೊ ಎಂಬ ವೇದಿಕೆಯ ಬಳಿ ಹೂಳಲಾಯಿತೆಂದು ಹಳೆಯ ಬರೆಹಗಳು ತಿಳಿಸುತ್ತವೆ. 2006ರ ಅಕ್ಟೋಬರ್ 2ರಂದು ಆ ಪರಿಸರದಲ್ಲಿಯೇ ಭೂದೇವತೆ ತ್ಲಾಲ್ತೆಕುತ್ಲಿಯ ಬೃಹತ್ ಶಿಲೆ ಪತ್ತೆಯಾಯಿತು. ಸುಮಾರು 12 ಟನ್ ತೂಕದ ಈ ಶಿಲೆಯಲ್ಲಿ ದೇವತೆಯ ಪಂಜದ ಬಳಿ 'ಹತ್ತು ಮೊಲ' ಎಂಬ ವರ್ಷಸೂಚಕವಿದೆ. ಅದು 1502ಕ್ಕೆ ಸಮ. ಪುರಾತತ್ತ್ವಜ್ಞ ಲಿಯೊನಾರ್ಡೊ ಲೋಪೆಸ್ ಲುಹಾನ್ ನೇತೃತ್ವದ ತಂಡವು ಅಂದಿನಿಂದ ಅಲ್ಲಿ ಅಗೆಯುತ್ತಾ ಬಂದಿದೆ. ಅಂತರ್ಜಲವನ್ನು ಪಂಪುಗಳಿಂದ ಹೊರಹಾಕುತ್ತಾ ನಡೆಸಬೇಕಾದ ಕೆಲಸವಿದು. ಸಾವಿರಾರು ಅರ್ಪಣೆಯ ವಸ್ತುಗಳು, ಚಿನ್ನದ ಆಭರಣ ತೊಡಿಸಿದ ತೋಳದ ಅಸ್ಥಿಪಂಜರವೂ ದೊರೆತಿವೆ. ಆದರೆ ಅವಿತ್ಸೋತ್ಲ್‌ನದಾಗಲೀ ಬೇರಾವ ಅಜ್ಟೆಕ್ ಅರಸನದಾಗಲೀ ಸಮಾಧಿ ದೊರೆತಿಲ್ಲ.

ದೊರೆಯ ಹೆಸರು ಮಾತ್ರ ವಿಚಿತ್ರ ರೀತಿಯಲ್ಲಿ ಉಳಿದುಕೊಂಡಿದೆ. ಮೆಕ್ಸಿಕೋದ ಸ್ಪ್ಯಾನಿಷ್ ಭಾಷೆಯಲ್ಲಿ 'ಅವಿಸೋತೆ' ಎಂದರೆ ಬೆನ್ನುಬಿಡದೆ ಕಾಡುವವನು. 1885ರಲ್ಲಿ ಆರಂಭವಾಗಿ ಸರ್ವಾಧಿಕಾರಿ ಪೊರ್ಫಿರಿಯೊ ಡಿಯಾಸ್‌ನನ್ನು ವ್ಯಂಗ್ಯಚಿತ್ರಗಳಿಂದ ಕಾಡಿದ ಪತ್ರಿಕೆಯೊಂದು 'ಅವಿಸೋತೆಯ ಮಗ' ಎಂಬ ಅರ್ಥದ ಹೆಸರನ್ನೇ ಇಟ್ಟುಕೊಂಡಿತ್ತು.

ಅವಿತ್ಸೋತ್ಲ್‌ನ ನಿಜವಾದ ಮಗ ಕ್ವಾವ್ತೆಮೋಕ್ ತೆನೋಚ್ಟಿಟ್ಲಾನಿನ ಕೊನೆಯ ಸ್ವತಂತ್ರ ಅರಸ. ತಂದೆ ಮತ್ತೆ ಕಟ್ಟಿಸಿದ ನಗರವನ್ನು ಆತ ಮುತ್ತಿಗೆಯ ಕೊನೆಯವರೆಗೂ ಕಾಪಾಡಲು ಹೋರಾಡಿದನು. 1521ರ ಆಗಸ್ಟ್ 13ರಂದು ನಗರ ಬಿದ್ದಿತು. 1525ರಲ್ಲಿ ಕೊರ್ಟೆಸ್ ಆತನನ್ನು ಗಲ್ಲಿಗೇರಿಸಿದನು.