ಕಿಸೆಗೆ ತಕ್ಕ ಚಾಕು

ಮಡಿಸುವ ಚಾಕು ಕೊಳ್ಳುವವರು ಮೊದಲು ಕೇಳುವುದು ಅಲಗು ಎಷ್ಟು ಹರಿತ ಎಂದು. ವಾರ ಕಳೆಯುವಷ್ಟರಲ್ಲಿ ಪ್ರಶ್ನೆ ಬದಲಾಗುತ್ತದೆ: ಇದು ಕಿಸೆಯಲ್ಲಿ ಸುಮ್ಮನೆ ಇರುತ್ತದೆಯೇ? ತೊಡೆಗೆ ಒತ್ತುವ, ತಾನಾಗಿ ತೆರೆದುಕೊಳ್ಳುವ ಚಾಕು ಎಷ್ಟೇ ಚೂಪಾಗಿದ್ದರೂ ಕೊನೆಗೆ ಡ್ರಾಯರ್ ಸೇರುತ್ತದೆ. ಈ ಎರಡನೆಯ ಪ್ರಶ್ನೆಗೆ ಫ್ರಾನ್ಸಿನ ಒಪಿನೆಲ್ ಚಾಕು ಪೂರ್ತಿ ಉತ್ತರ ಕಂಡುಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಆಲ್ಪ್ಸ್ ಬೆಟ್ಟಗಳ ಸವೋಯ್ ಪ್ರಾಂತ್ಯದಲ್ಲಿ, ಕೊಡಲಿ, ಮಚ್ಚು ಮುಂತಾದ ಹತಾರ ಮಾಡುವ ಕಮ್ಮಾರರ ಮನೆಯಲ್ಲಿ ಹುಟ್ಟಿದವನು ಜೋಸೆಫ್ ಒಪಿನೆಲ್. 1890ರಲ್ಲಿ, ಹದಿನೆಂಟರ ಹರೆಯದಲ್ಲಿ, ಆತ ಒಂದು ಸರಳ ಚಾಕು ಮಾಡಿದ. ಒಂದು ಅಲಗು, ಸೀಳು ಬಿಟ್ಟ ದುಂಡನೆಯ ಮರದ ಹಿಡಿ, ಒಂದು ಮೊಳೆ, ಹಿಡಿಯ ಬಾಯಿಗೆ ಲೋಹದ ಪಟ್ಟಿ. ಸ್ಪ್ರಿಂಗ್ ಇಲ್ಲ. ಹಾಗಾಗಿ ಹಗುರ, ಅಗ್ಗ.

ಎಲ್ಲರ ಕೈ, ಎಲ್ಲರ ಕಿಸೆ ಒಂದೇ ಅಳತೆಯದಲ್ಲ. 1897ರಲ್ಲಿ ಅದೇ ಚಾಕು 1ರಿಂದ 12ರವರೆಗೆ ಹನ್ನೆರಡು ಗಾತ್ರಗಳಲ್ಲಿ ಬಂತು. ಒಂದನೆಯದರ ಅಲಗು ಬರೀ 2 ಸೆಂಟಿಮೀಟರ್. ಗಡಿಯಾರದ ಸರಪಳಿಗೆ ಸಿಕ್ಕಿಸಲು ಅದಕ್ಕೊಂದು ಪುಟ್ಟ ಬಳೆಯಿತ್ತು. ಹನ್ನೆರಡನೆಯದರ ಅಲಗು 12 ಸೆಂಟಿಮೀಟರ್. ಬಳಕೆಯೇ ಮುಂದೆ ಈ ಪಟ್ಟಿಯನ್ನು ತಿದ್ದಿತು. ತೀರಾ ಚಿಕ್ಕದಾದ 1, ಅಕ್ಕಪಕ್ಕದವುಗಳಿಗೆ ತೀರಾ ಹತ್ತಿರವಾದ 11, ಎರಡೂ 1930ರ ದಶಕದಲ್ಲಿ ನಿಂತವು. ಕಿಸೆಗೂ ಕೆಲಸಕ್ಕೂ ಹದವಾಗಿ ಒದಗಿದ್ದು 8.5 ಸೆಂಟಿಮೀಟರ್ ಅಲಗಿನ ಎಂಟನೆಯದು. ಇಂದಿಗೂ ಅದೇ ಹೆಚ್ಚು ಪರಿಚಿತ.

ಆದರೆ ಮರ ಮರವೇ. ಮಳೆಗೆ ನೆನೆದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಅದಕ್ಕೆ ಸವೋಯ್ ಜನ ಉಪಾಯ ಕಂಡುಕೊಂಡರು: ಹಿಡಿಯ ತುದಿಯನ್ನು ಗಟ್ಟಿ ಜಾಗಕ್ಕೆ ಕುಟ್ಟಿದರೆ ಅಲಗು ಇಷ್ಟೇ ಇಷ್ಟು ಹೊರಗಿಣುಕುತ್ತದೆ. ಇದಕ್ಕೆ 'ಸವೋಯ್ ಪೆಟ್ಟು' ಎಂದೇ ಹೆಸರು. ಮರ ಒಣಗಿ ಕುಗ್ಗಿದಾಗ ತೊಂದರೆ ತಿರುಗುಮುರುಗು. ಹಿಡಿತ ಸಡಿಲವಾಗಿ, ಕಿಸೆಗೆ ಕೈ ಹಾಕಿದವರ ಬೆರಳಿಗೆ ಅಪಾಯ.

1955ರಲ್ಲಿ ಮಾರ್ಸೆಲ್ ಒಪಿನೆಲ್ ಹಿಡಿಯ ಬಾಯಿಗೆ ತಿರುಗುವ ಉಂಗುರ ತೊಡಿಸಿದ. ತೆರೆದ ಅಲಗು ಬೆರಳ ಮೇಲೆ ಮಡಿಚಿ ಬೀಳುವುದು ತಪ್ಪಿತು. ಮಡಿಸಿದ ಅಲಗಿಗೂ ಅದೇ ಉಂಗುರ ಬೀಗವಾದದ್ದು 2000ದಲ್ಲಿ. ಕೈಯಲ್ಲಿ ಹಿಡಿದಾಗಿನ ಭದ್ರತೆ ಮೊದಲು ಬಂತು, ಕಿಸೆಯಲ್ಲಿದ್ದಾಗಿನ ಭದ್ರತೆ 45 ವರ್ಷ ತಡವಾಗಿ.

ಉಳಿದ ಕೆಲಸ ಇಟ್ಟುಕೊಂಡವರದು. ಹಿಡಿ ಮರದ್ದಾದ್ದರಿಂದ ಉಪ್ಪುಕಾಗದ ಸಾಕು. ಕಿಸೆ ಉಬ್ಬದಂತೆ ಪಕ್ಕಗಳನ್ನು ತುಸು ಚಪ್ಪಟೆ ಮಾಡುವವರಿದ್ದಾರೆ, ಅಂಗೈಗೆ ಒತ್ತುವ ಅಂಚನ್ನು ದುಂಡಗೆ ಉಜ್ಜುವವರಿದ್ದಾರೆ, ತುದಿಗೆ ತೂತು ಕೊರೆದು ದಾರ ಪೋಣಿಸುವವರಿದ್ದಾರೆ. ನೀರು ಕುಡಿಯದಿರಲೆಂದು ಮರಕ್ಕೆ ಅಗಸೆ ಎಣ್ಣೆ ಉಣಿಸುತ್ತಾರೆ. ಕಾರ್ಖಾನೆ ಗಾತ್ರಗಳನ್ನು ಕೊಟ್ಟಿತು, ಬೀಗವನ್ನೂ ಕೊಟ್ಟಿತು. ಯಾರ ಅಂಗೈ ಎಷ್ಟು ಅಗಲ, ಯಾರ ಕಿಸೆ ಎಷ್ಟು ಆಳ ಎಂಬುದು ಮಾತ್ರ ಅದಕ್ಕೆ ತಿಳಿಯುವಂತಿರಲಿಲ್ಲ.